ಉತ್ತರದ ಕಡಲಿಗೆ ಇಬ್ಬರು

ಅವಳು ಅವನನ್ನು ಮೊದಲ ಸಲ ಕಣ್ಣೆತ್ತಿ ನೋಡಿದ್ದು, ಇವನು ಸುಳ್ಳು ಹೇಳುತ್ತಿದ್ದಾನೆ ಎಂಬ ಅನುಮಾನದಿಂದ.

ವಿಮಾ ಕಚೇರಿಯಲ್ಲಿ ಅವಳ ಕೆಲಸವೇ ಅದು. ಎಲ್ಲಿ ಏನು ಒಡೆದರೂ, ಸುಟ್ಟರೂ, ಕುಸಿದರೂ ಅಲ್ಲಿಗೆ ಹೋಗಬೇಕು, ಹೇಗಾಯಿತು ಎಂದು ಕೇಳಬೇಕು, ಕೇಳಿದ್ದನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಆ ದಿನ ಅವಳ ಪಾಲಿಗೆ ಬಂದದ್ದು ಗಾಜಿನ ಅಂಗಡಿಯ ಮುಂದಿನ ದೊಡ್ಡ ಗಾಜು. ಗಾಜು ಮಾರುವವನ ಗಾಜೇ ಒಡೆದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ?

"ಹಕ್ಕಿ ಬಂದು ಹೊಡೀತು," ಎಂದ ಗಾಜಿನವನು.

"ಯಾವ ಹಕ್ಕಿ?"

"ಹೆಸರು ಕೇಳೋಷ್ಟು ಹೊತ್ತು ಅದು ನಿಲ್ಲಲಿಲ್ಲ ಮೇಡಂ."

"ಗರಿ ಏನಾದ್ರೂ ಬಿದ್ದಿತ್ತಾ?"

"ಇಲ್ಲ."

"ರಕ್ತ?"

"ಅಯ್ಯೋ ಪಾಪ, ಇಲ್ಲ. ಅದಕ್ಕೇನೂ ಆಗ್ಲಿಲ್ಲ, ಎದ್ದು ಹಾರಿಹೋಯ್ತು. ಆಗಿದ್ದೆಲ್ಲ ನನಗೇ."

ಅವಳು ನಗಲಿಲ್ಲ. ನಗು ತಡೆದುಕೊಳ್ಳುವಾಗ ಅವಳ ಕೆಳತುಟಿ ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತಿತ್ತು. ಅದು ಅವನ ಕಣ್ಣಿಗೆ ಬಿತ್ತು ಎಂಬುದು ಅವಳ ಕಣ್ಣಿಗೂ ಬಿತ್ತು.

"ನಿಮ್ಮನ್ನ ನಂಬಿಸೋದು ಕಷ್ಟ," ಎಂದ ಅವನು. "ಬನ್ನಿ ಇಲ್ಲಿ. ಇಲ್ಲಿ ನಿಂತು ನೋಡಿ."

ಒಡೆದ ಗಾಜಿನ ಪಕ್ಕದ ಗಾಜು ಇನ್ನೂ ನಿಂತಿತ್ತು. ಅದರೊಳಗೆ ಎದುರು ಬದಿಯ ಮರವಿತ್ತು, ಮರದ ಹಿಂದೆ ಆಕಾಶವಿತ್ತು, ಆಕಾಶದಲ್ಲೊಂದು ಮೋಡ ನಿಧಾನವಾಗಿ ಸರಿಯುತ್ತಿತ್ತು.

"ನಾನೇ ಜಾಸ್ತಿ ಒರೆಸಿಬಿಟ್ಟೆ," ಎಂದ ಅವನು ಮೆಲ್ಲಗೆ. "ಆಕಾಶ ಅಂದ್ಕೊಂಡಿರ್ಬೇಕು."

ಅವಳು ಮರ ನೋಡಿದಳು, ಮೋಡ ನೋಡಿದಳು, ನಡುವೆ ಹುಬ್ಬು ಗಂಟಿಕ್ಕಿ ನಿಂತ ತನ್ನನ್ನೇ ನೋಡಿದಳು. ತನ್ನ ಭುಜದ ಹಿಂದೆ ಅವನು. ಅವನು ಮರ ನೋಡುತ್ತಿರಲಿಲ್ಲ. ಆ ಗಾಜಿನಲ್ಲಿ ಅವರ ಕಣ್ಣು ಸೇರಿದವು. ನೇರವಾಗಿ ಸೇರಿದ್ದರೆ ಅವಳು ಖಂಡಿತ ಮುಖ ತಿರುಗಿಸುತ್ತಿದ್ದಳು.

ಆ ಸಂಜೆ ವರದಿಯಲ್ಲಿ ಕಾರಣ ಎಂಬಲ್ಲಿ ಅವಳು 'ಹಕ್ಕಿ' ಎಂದು ಬರೆದಳು. ಎದುರು ಮೇಜಿನ ಹಿರಿಯರು ಕನ್ನಡಕ ಏರಿಸಿ, "ಗರಿ ಇಲ್ದೆ ಹಕ್ಕಿ ಒಪ್ಪಿಕೊಂಡ್ರಾ? ನೀವಾ?" ಎಂದು ಎರಡೆರಡು ಸಲ ಕೇಳಿದರು.

*

ಅವಳ ಕಚೇರಿ, ಅವನ ಅಂಗಡಿ ಎರಡೂ ಒಂದೇ ಬೀದಿಯಲ್ಲಿದ್ದವು. ಮೊದಲು ಮನೆಗೊಂದು ಕನ್ನಡಿ ಬೇಕೆಂಬ ನೆಪವಾಯಿತು. ಆಮೇಲೆ ಕನ್ನಡಿ ಸೊಟ್ಟಗಿದೆಯೆಂಬ ನೆಪ.

"ಕನ್ನಡಿ ನೆಟ್ಟಗಿದೆ ಮೇಡಂ. ನಿಮ್ಮ ಗೋಡೆ ಸೊಟ್ಟ."

"ಗೋಡೆ ನೋಡ್ದೇನೇ ಹೇಗ್ಹೇಳ್ತೀರಾ?"

"ನೋಡೋಕೆ ಕರೀರಿ, ಬರ್ತೀನಿ."

ಕೊನೆಗೆ ನೆಪಗಳೆಲ್ಲ ಮುಗಿದುಹೋದವು. ಆದರೂ ಮಧ್ಯಾಹ್ನದ ಬಿಡುವಿನಲ್ಲಿ ಅವಳ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು. ಮದುವೆ ಯಾವಾಗ ಎಂದು ಕೇಳಿ ಕೇಳಿ ನೆಂಟರೇ ಸುಸ್ತಾಗಿ ಬಿಟ್ಟಿದ್ದ ವಯಸ್ಸು ಇಬ್ಬರದೂ. ಅಂಗಡಿಯ ಹಿಂಭಾಗದಲ್ಲಿ ನಿಲ್ಲಿಸಿದ ಗಾಜಿನ ಹಾಳೆಗಳ ನಡುವೆ ಇಬ್ಬರಿಗೆ ಸಾಲುವಷ್ಟು ಜಾಗ, ಒಂದು ಬೆಂಚು, ಒಂದು ಫ್ಲಾಸ್ಕ್ ಚಹಾ. ಅಲ್ಲಿ ಕೂತರೆ ಸುತ್ತ ಎಲ್ಲ ಗಾಜಿನಲ್ಲೂ ಅವರಿಬ್ಬರೇ ಕಾಣುತ್ತಿದ್ದರು, ಹಸಿರು ಅಂಚಿನ ನೀರೊಳಗೆ ಕೂತವರ ಹಾಗೆ. 'ನೀವು' ಎಂಬುದು ಯಾವತ್ತು 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ.

ಕಡಲನ್ನು ತಂದವನು ಅವನು.

ಕೆಲಸ ಕಲಿಯುವ ಕಾಲದಲ್ಲಿ ಗುರುವಿನ ಜೊತೆ ಉತ್ತರದ ಕರಾವಳಿಗೆ ಹೋಗಿ ಒಂದು ಮನೆಗೆ ಕಿಟಕಿ ಕೂರಿಸಿ ಬಂದಿದ್ದನಂತೆ. ಅಲ್ಲಿ ನೆಲ ಇಳಿಜಾರಾಗಿ ಕಡಲಿಗೆ ಸೇರುವುದಿಲ್ಲ, ಚಾಕುವಿನಲ್ಲಿ ಕೊಯ್ದ ಹಾಗೆ ನಿಂತುಬಿಡುತ್ತದೆ. ಬಂಡೆಗೋಡೆಯ ಕಾಲಬುಡದಲ್ಲಿ ಪುಟ್ಟ ಮರಳ ದಂಡೆ. ಉಬ್ಬರದಲ್ಲಿ ಅದು ಇರುವುದೇ ಇಲ್ಲ, ಇಳಿತದಲ್ಲಿ ಇದ್ದಕ್ಕಿದ್ದಂತೆ ಇರುತ್ತದೆ. ಬಂಡೆಯಲ್ಲೇ ಕಡೆದ ಮೆಟ್ಟಿಲು. ಮೇಲೆ ಒಂದು ಸಣ್ಣ ವಸತಿಗೃಹ.

"ಗಾಳಿ ಅಲ್ಲಿ ಕೆಳಗಿಳಿಯಲ್ಲ," ಎಂದ ಅವನು. "ಎಷ್ಟು ನಿಶ್ಶಬ್ದ ಅಂದ್ರೆ, ಪಿಸುಗುಟ್ಟಿದ್ರೂ ಕೇಳುತ್ತೆ. ಅಲ್ಲಿ ನಿನಗೊಂದು ಮಾತು ಹೇಳ್ಬೇಕು."

"ಇಲ್ಲೇ ಹೇಳು."

"ಇಲ್ಲಿ ನಾನು ಗಾಜಿನವನು. ಕೈಯೆಲ್ಲ ಗಾಯ, ಮೈಯೆಲ್ಲ ಪುಡಿ. ಅಲ್ಲಿ ಸ್ವಲ್ಪ ಚೆನ್ನಾಗಿ ಕಾಣ್ತೀನಿ."

ಯಾವ ಮಾತೆಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದರಿಂದಲೇ ಬೇಡದಿದ್ದರೂ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡಳು.

ಅಲ್ಲಿಂದ ಶುರುವಾಯಿತು ಪ್ಲಾನು. ಕತ್ತರಿಸಿ ಉಳಿದ ಗಾಜಿನ ತುಂಡಿನ ಮೇಲೆ ಬಿಳಿ ಪೆನ್ಸಿಲಿನಿಂದ ಅವನು ಕರಾವಳಿ ಬರೆಯುವನು. ಇದು ಬಸ್ಸು ನಿಲ್ಲುವ ತಿರುವು, ಇದು ಮೆಟ್ಟಿಲು, ಇಲ್ಲಿ ನಾವು ಕೂರುವುದು. ಅವಳು ಬಗ್ಗಿ ನೋಡುವಳು, ಒಂದು ಕೂದಲೆಳೆ ಜಾರಿ ಕಡಲೊಳಗೆ ಬೀಳುವುದು, ಅವನು ಅದನ್ನು ತೆಗೆಯದೆ ಅದರ ಸುತ್ತಲೂ ಅಲೆ ಬರೆಯುವನು.

"ಮೇಲಿಂದ ಕಲ್ಲು ಬಿದ್ರೆ?"

"ಗೋಡೆಯಿಂದ ದೂರ ಕೂರೋಣ."

"ದೂರ ಕೂತಾಗ ನೀರು ಏರಿದ್ರೆ?"

"ಬೇಗ ಹತ್ತೋಣ."

"ಹತ್ತುವಾಗ ಕಾಲು ಉಳುಕಿದ್ರೆ?"

"ಹೊತ್ಕೊಂಡು ಹತ್ತೀನಿ."

"ಹೊತ್ಕೊಂಡಾಗ ನಿನ್ನ ಬೆನ್ನು..."

"ಏನಾದ್ರೂ ಆದ್ರೆ ಮೇಡಂ," ಎಂದು ಅವನು ಕೈ ಮುಗಿಯುತ್ತಿದ್ದ. ಅವಳಿಗೆ ಅವನಿಟ್ಟ ಹೆಸರೇ ಅದು. "ಏನಾದ್ರೂ ಆದ್ರೆ ಮೇಡಂ, ಏನೂ ಆಗ್ದೇ ಇದ್ರೆ ಏನ್ಮಾಡ್ತೀರಿ, ಅದನ್ನೂ ಸ್ವಲ್ಪ ಯೋಚ್ನೆ ಮಾಡಿ."

ಅವಳ ಭಯಕ್ಕೆ ದೊಡ್ಡ ಕತೆಯೇನೂ ಇರಲಿಲ್ಲ. ಕೆಲವರಿಗೆ ಹುಟ್ಟಿನಿಂದ ಒಳ್ಳೆಯ ಕಂಠ ಬಂದಿರುತ್ತದೆ, ಅವಳಿಗೆ ಇದು ಬಂದಿತ್ತು. ಮೇಲಿಂದ ಅಂಥದೇ ನೌಕರಿ. ಸರಿಯಾಗಿ ನಡೆದ ಒಂದೇ ಒಂದು ಪ್ರಯಾಣದ ಸುದ್ದಿ ಅವಳ ಮೇಜಿಗೆ ಇದುವರೆಗೆ ಬಂದಿರಲಿಲ್ಲ. ಹಾಗಾಗಿ ಚಳಿಗಾಲದಲ್ಲಿ ಗಾಳಿ ಜಾಸ್ತಿ ಎಂದಳು. ಗಾಳಿ ನಿಂತಾಗ ಬಂಡೆ ಸಡಿಲವಾಗಿರುತ್ತದೆ ಎಂದಳು. ಬಂಡೆ ಒಣಗಿದಾಗ ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದಳು.

ಪ್ರತಿ ಸಲವೂ ಅವನು ನಕ್ಕು ಗಾಜು ಒರೆಸಿ ಮತ್ತೆ ಬರೆಯುತ್ತಿದ್ದ. ನಗುವಿನ ಮೊದಲು ಒಂದು ಸಣ್ಣ ತಡವಾಗುತ್ತಿತ್ತು. ಆ ತಡ ಸಲದಿಂದ ಸಲಕ್ಕೆ ಉದ್ದವಾಗುತ್ತಿತ್ತು. ಎಲ್ಲವನ್ನೂ ಗಮನಿಸುವ ಅವಳು ಅದನ್ನೂ ಗಮನಿಸಿದಳು, ಗಮನಿಸಿ ಸುಮ್ಮನಿದ್ದಳು.

*

ದಕ್ಷಿಣದ ದೊಡ್ಡ ಪಟ್ಟಣದಲ್ಲಿ ಅವನ ಅಣ್ಣ ಗಾಜಿನ ಕಾರ್ಖಾನೆ ತೆರೆದಿದ್ದ. ನೀನು ಬಂದು ನಿಂತರೆ ಮಾತ್ರ ಇದು ನಡೆಯುವುದು ಎಂದು ದಿನಾ ಫೋನು.

"ಬರಲ್ಲ ಅಂತ ಹೇಳೋಕೆ ನನಗೊಂದು ಕಾರಣ ಬೇಕು," ಎಂದ ಅವನು ಒಂದು ಮಧ್ಯಾಹ್ನ. ಈ ಸಲ ಪೆನ್ಸಿಲು ಕೈಗೆ ತೆಗೆದುಕೊಳ್ಳಲಿಲ್ಲ. "ಈ ಶನಿವಾರಕ್ಕೆ ರೂಮ್ ಹೇಳಿದ್ದೀನಿ. ಎರಡು ರೂಮು. ನಿನ್ನ ಬಾಗಿಲಿಗೆ ಒಳಗಡೆಯಿಂದ ಚಿಲಕ ಇದೆ, ಅದನ್ನೂ ಕೇಳಿದ್ದೀನಿ. ಬರ್ತೀಯಾ?"

"ಬರ್ತೀನಿ," ಎಂದಳು.

ಅಂದ ಮಾತು ಸುಳ್ಳಾಗಿರಲಿಲ್ಲ. ಕಚೇರಿಗೆ ವಾಪಸು ಬರುವಾಗ ಬೇಕರಿಯ ಗಾಜಿನಲ್ಲಿ ತನ್ನ ಮುಖ ನೋಡಿ, ಇದು ಯಾರಪ್ಪಾ ಇಷ್ಟು ನಗುತ್ತಿರುವವಳು ಎಂದುಕೊಂಡಳು. ಮಾರನೆಯ ದಿನ ಮಾತ್ರ ಹಳೆಯ ಅನುಮಾನ ತಲೆಯೆತ್ತಿತು. ಒಂದೇ ಒಂದು ಸಲ ಕೇಳಿಬಿಟ್ಟರೆ ನೆಮ್ಮದಿಯಾಗುತ್ತದೆ, ಆಮೇಲೆ ಏನೂ ಕೇಳುವುದಿಲ್ಲ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡು, ಕಚೇರಿಯ ಫೋನಿನಿಂದಲೇ ವಸತಿಗೃಹಕ್ಕೆ ಕರೆ ಮಾಡಿದಳು.

ವರ್ಷಗಟ್ಟಲೆ ಅದೇ ಕುರ್ಚಿ, ಅದೇ ಫೋನು. ರಿಸೀವರ್ ಕಿವಿಗಿಟ್ಟರೆ ಬಾಯಿ ತಾನಾಗಿ ತೆರೆಯುತ್ತಿತ್ತು.

"ನಮಸ್ಕಾರ, ವಿಮಾ ಕಚೇರಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಮೆಟ್ಟಿಲಿನ ಕಂಬಿ ಬಗ್ಗೆ ಸ್ವಲ್ಪ ವಿವರ ಬೇಕಿತ್ತು."

ತಾನು ಹಾಗೆಂದೆನೆಂಬುದು ಅವಳ ಅರಿವಿಗೇ ಬರಲಿಲ್ಲ. ಆ ಕಡೆಯ ಹೆಂಗಸಿನ ದನಿ ಮಾತ್ರ ಕುಗ್ಗಿತು.

"ಕಂಬಿ... ಇದೆಯಲ್ಲ. ಭದ್ರವಾಗೇ ಇದೆ."

"ಕೊನೇ ಸಲ ಯಾರು ಪರೀಕ್ಷೆ ಮಾಡಿದ್ರು? ಹೋದ ಸಲ ಬಂಡೆ ಕುಸಿದಿದ್ದು ಯಾವಾಗ? ಯಾರಿಗಾದ್ರೂ ಪೆಟ್ಟಾಗಿತ್ತಾ?"

ಆಕೆ ತೊದಲುತ್ತ ಎಲ್ಲಕ್ಕೂ ಉತ್ತರ ಕೊಟ್ಟಳು. ಕೇಳುತ್ತ ಕೇಳುತ್ತ ಇವಳ ಎದೆ ಹಗುರಾಯಿತು.

"ತುಂಬಾ ಥ್ಯಾಂಕ್ಸ್," ಎಂದಳು. "ಶನಿವಾರ ಬಂದು ಕಣ್ಣಾರೆ ನೋಡ್ತೀವಿ."

ಆ ದಿನವಿಡೀ ಅವಳು ಗುನುಗುನಿಸುತ್ತ ಕೆಲಸ ಮಾಡಿದಳು. ಎದುರು ಮೇಜಿನ ಹಿರಿಯರು ಕಿಟಕಿ ಮುಚ್ಚಿದರು, ಹೊರಗಿನಿಂದ ಬರುತ್ತಿರುವ ಸದ್ದೆಂದು.

*

ಅವನು ಅವಳ ಕಚೇರಿಗೆ ಕಾಲಿಟ್ಟದ್ದು ಅದೇ ಮೊದಲು. ಶುಕ್ರವಾರ ಬೆಳಿಗ್ಗೆ, ಎಲ್ಲರೂ ಮೇಜಿನ ಮುಂದಿರುವ ಹೊತ್ತಿಗೆ, ಬಂದು ಅವಳ ಮುಂದೆ ನಿಂತ. ಕೂತ್ಕೋ ಎಂದರೆ ಕೂರಲಿಲ್ಲ.

"ಬೇಡ ಅಂದ್ರೆ ಬೇಡ ಅನ್ಬಹುದಿತ್ತಲ್ಲ," ಎಂದ. ದನಿ ತಗ್ಗಿಸಿದ್ದ. ತಗ್ಗಿಸಿದ್ದರಿಂದಲೇ ಇಡೀ ಕೋಣೆ ಕಿವಿಗೊಟ್ಟಿತು.

"ಏನು?"

"ಆ ಹೆಂಗಸು ಫೋನ್ ಮಾಡಿದ್ರು. ರೂಮ್ ಕೊಡೋಕಾಗಲ್ಲ, ವಿಮೆಯವರು ಶನಿವಾರ ಇನ್ಸ್‌ಪೆಕ್ಷನ್‌ಗೆ ಬರ್ತಾರೆ, ಅತಿಥಿಗಳನ್ನ ಇಟ್ಕೊಂಡು ಸಿಕ್ಕಿಹಾಕ್ಕೊಳ್ಳಲ್ಲ ಅಂತ. ಯಾರೋ ಹೆಂಗಸು ಮಾತಾಡಿದ್ರಂತೆ. ಕಂಬಿ ಬಗ್ಗೆ ಕೇಳಿದ್ರಂತೆ."

"ನಾನು ಹಾಗೆ ಹೇಳೇ ಇಲ್ಲ..." ಎಂದು ಶುರುಮಾಡಿದಳು. ಅಷ್ಟರಲ್ಲಿ ನೆನಪಾಯಿತು. ನಮಸ್ಕಾರ, ವಿಮಾ ಕಚೇರಿಯಿಂದ. ಶನಿವಾರ ಬಂದು ನೋಡ್ತೀವಿ. ನೆನಪಾದದ್ದು ಮುಖದ ಮೇಲೆ ಬಂತು. ಅವನು ಅದನ್ನು ನೋಡಿದ, ನೋಡಿ ತಪ್ಪಾಗಿ ಓದಿಕೊಂಡ.

"ಸರಿ," ಎಂದ. "ನನಗೆ ಅರ್ಥ ಆಗೋಕೆ ಇಷ್ಟು ದಿನ ಬೇಕಾಯ್ತು. ನಾನೂ ಸ್ವಲ್ಪ ದಡ್ಡನೇ. ಅಣ್ಣನಿಗೆ ಹ್ಞೂಂ ಅಂದ್ಬಿಟ್ಟೆ. ನಾಳೆ ಬೆಳಿಗ್ಗೆ ಹೊರಡ್ತೀನಿ."

"ನಾಳೆನಾ? ಒಂದು ನಿಮಿಷ ಕೇಳು, ಅದು ಅಭ್ಯಾಸದಿಂದ..."

"ಗೊತ್ತು, ಅಭ್ಯಾಸ." ಅವನು ಬಾಗಿಲ ಕಡೆ ತಿರುಗಿದ. "ಕೆಲಸದ ಹೊತ್ತಲ್ಲಿ ತೊಂದ್ರೆ ಕೊಟ್ಟೆ. ಕ್ಷಮಿಸಿ."

ಕ್ಷಮಿಸಿ. ಕ್ಷಮಿಸು ಅಲ್ಲ. ಅವನು ಕೂಗಾಡಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಧ್ಯಾಹ್ನ ಅಂಗಡಿಗೆ ಓಡಿದಳು. ಬೆಂಚು ಆಗಲೇ ಹೊರಗಿತ್ತು. ಅವನು ಕೊನೆಯ ಗಿರಾಕಿಯೊಬ್ಬನ ಕೆಲಸಕ್ಕೆ ಗಾಜು ಕೊಯ್ಯುತ್ತಿದ್ದ. ಅಳತೆಪಟ್ಟಿ ಇಟ್ಟು ಚಕ್ರದ ಉಳಿಯಿಂದ ಒಂದೇ ಎಳೆತದಲ್ಲಿ ಗೀರು ಹಾಕಿದ.

"ಕೇಳ್ತೀಯಾ ಸ್ವಲ್ಪ?"

"ಹೇಳಿ."

ಅವಳ ಬಾಯಿ ತೆರೆಯಿತು. ಇಷ್ಟು ವರ್ಷ ಊರವರ ಬಾಯಿಂದ ನಿಜ ಹೊರಡಿಸಿದವಳು ತನ್ನ ಬಾಯಿಂದ ಹೊರಡಿಸಲಾರದೆ ನಿಂತಳು. ನೀನು ಹೋಗಬೇಡ ಎನ್ನಲು ಬಂದಿದ್ದಳು. ತುಟಿಗೆ ಬಂದದ್ದು ಬೇರೆ.

"ಗಾಜಿನ ಮಧ್ಯೆ ಕಾಗದ ಇಟ್ಟು ಪ್ಯಾಕ್ ಮಾಡು. ಇಲ್ದಿದ್ರೆ ದಾರೀಲಿ ಉಜ್ಜುತ್ತೆ."

ಅವನು ತಲೆಯೆತ್ತಿ ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

"ಗೀರು ಹಾಕಿದ ಮೇಲೆ ತಡ ಮಾಡ್ಬಾರ್ದು," ಎಂದ, ಗಾಜನ್ನು ಅಂಚಿಗೆ ತಂದು ಬೆರಳಿನಿಂದ ಮೆಲ್ಲಗೆ ಒತ್ತುತ್ತ. ಗಾಜು ನೇರವಾಗಿ, ಸದ್ದಿಲ್ಲದೆ ಎರಡಾಯಿತು. "ತಡ ಮಾಡಿದ್ರೆ ಗೀರು ಆರಿಹೋಗುತ್ತೆ. ಆಮೇಲೆ ಒತ್ತಿದ್ರೆ ಎಲ್ಲೆಲ್ಲೋ ಒಡೆಯುತ್ತೆ. ನಾನು ಬಹಳ ತಡ ಮಾಡ್ದೆ. ತಪ್ಪು ನಿಮ್ದಲ್ಲ, ನಂದೇ."

ಗಿರಾಕಿ ಬಂದ. ಅವಳು ಹೊರಗೆ ಬಂದಳು.

*

ಆ ಸಂಜೆ ಅವಳ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳ ಪದ್ಧತಿ. ಅದನ್ನು ನೋಡಿದಾಗಲೆಲ್ಲ ತಂಗಿಯ ಜೀವ ಹಾರುತ್ತಿತ್ತು. ಇವತ್ತು ತಂಗಿ ನೋಡಲೂ ಇಲ್ಲ, ನೆಲದ ಮೇಲೆ ಕೂತು ಚಿಂದಿಬಟ್ಟೆ ಮಡಿಸಿ ಬಿಚ್ಚಿ ಮಡಿಸುತ್ತಿದ್ದಳು.

"ಅಂದ್ರೆ, ಗಾಜು ಉಜ್ಜುತ್ತೆ ಅಂತ ಹೇಳಿ ಬಂದೆ," ಎಂದಳು ಅಕ್ಕ.

"ಹ್ಞೂಂ."

"ನೀನು ಉಜ್ಜಿ ಉಜ್ಜಿ ಸವೆದುಹೋದ್ರೂ ಪರವಾಗಿಲ್ಲ. ಗಾಜಿಗೆ ಏನೂ ಆಗ್ಬಾರ್ದು."

"ಅಕ್ಕಾ, ಬಾಯಿ ಬರಲ್ಲ ಕಣೇ. ಅವನ ಮುಂದೆ ನಿಂತ್ರೆ ಬಾಯಿ ಬರಲ್ಲ."

"ಬಾಯಿ ಬರಲ್ಲ ಅಂದ್ರೆ ಬಿಡು. ಕಾಲಾದ್ರೂ ಬರುತ್ತಾ?"

"ಎಲ್ಲಿಗೆ?"

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. "ಯಾರು ಆ ರೂಮ್ ಮುಚ್ಚಿಸಿದ್ದು? ನೀನು. ಹೋಗಿ ತೆಗೆಸು. ಪಾಪದ ಹೆಂಗಸು ಅಲ್ಲಿ ಇನ್ಸ್‌ಪೆಕ್ಟರ್ ಬರ್ತಾರೆ ಅಂತ ನಡುಗ್ತಾ ಕೂತಿರ್ತಾಳೆ. ಅವಳಿಗೆ ನಿಜ ಹೇಳು. ಅಲ್ಲಿ ಒಂದು ಸಲ ಹೇಳಿ ರೂಢಿಯಾದ್ರೆ ಅವನಿಗೂ ಹೇಳ್ತೀಯ."

"ಅಷ್ಟರಲ್ಲಿ ಅವನು ಹೊರಟುಹೋಗಿರ್ತಾನೆ."

"ಇಲ್ಲೇ ಕೂತಿದ್ರೆ ಹೋಗಲ್ವಾ?"

ತಂಗಿ ಚಿಂದಿಬಟ್ಟೆ ಕೆಳಗಿಟ್ಟು ಎದ್ದಳು.

ಮಾರನೆಯ ಬೆಳಗಿನ ಮೊದಲ ಬಸ್ಸು ಹತ್ತಿದಳು. ಡ್ರೈವರನ ಕಣ್ಣು ಕೆಂಪಗಿದೆಯೇ ಎಂದು ನೋಡಲಿಲ್ಲ, ತುರ್ತು ಬಾಗಿಲು ಎಲ್ಲಿದೆ ಎಂದು ಹುಡುಕಲಿಲ್ಲ. ಫೋನು ಕೈಯಲ್ಲಿ ಹಿಡಿದು ಅವನಿಗೆ ಕರೆ ಮಾಡಿದಳು, ಗಂಟೆ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಕಿಟಕಿಯಾಚೆ ಹೊಲಗಳು ಮುಗಿದು ಹುಲ್ಲುಗಾಡು ಬಂತು, ಮರಗಳು ಗಾಳಿಗೆ ಒಂದೇ ಕಡೆ ಬಾಗತೊಡಗಿದವು. ಬಸ್ಸು ಮುಂದೆ ಹೋದಷ್ಟೂ ಅವನು ಹಿಂದಕ್ಕೆ ಹೋಗುತ್ತಿದ್ದಾನೆ ಎಂಬ ಲೆಕ್ಕ ತಲೆಯಲ್ಲಿ ನಡೆದೇ ಇತ್ತು. ಒಂದೇ ಊರಿನಿಂದ ಒಂದೇ ಬೆಳಿಗ್ಗೆ ಇಬ್ಬರೂ ಹೊರಟಿದ್ದಾರೆ, ಬೆನ್ನಿಗೆ ಬೆನ್ನು ಮಾಡಿಕೊಂಡು. ಪಕ್ಕದ ಸೀಟು ಖಾಲಿಯಿತ್ತು. ಒಬ್ಬಾಕೆ ಬಂದು ಯಾರಾದರೂ ಇದ್ದಾರಾ ಎಂದು ಕೇಳಿದರೆ, ಇವಳು ಹೌದು ಎಂದುಬಿಟ್ಟಳು.

*

ವಸತಿಗೃಹದ ಒಡತಿ ಬಾಗಿಲಲ್ಲೇ ನಿಂತಿದ್ದಳು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಬಣ್ಣದ ಕುಂಚ ಹಿಡಿದುಕೊಂಡು.

"ಕಂಬಿಗೆ ಬಣ್ಣ ಹೊಡೆದಿದ್ದೀನಿ ಮೇಡಂ," ಎಂದಳು ಒಂದೇ ಉಸಿರಿಗೆ. "ಎರಡು ಕಡೆ ಮಾತ್ರ ಸ್ವಲ್ಪ ಅಲ್ಲಾಡುತ್ತೆ. ಅದನ್ನೂ ಸೋಮವಾರ..."

"ನಾನು ಇನ್ಸ್‌ಪೆಕ್ಟರ್ ಅಲ್ಲ," ಎಂದಳು ಅವಳು. "ನಾನು ರಜೆಗೆ ಬರ್ಬೇಕಾಗಿದ್ದೋಳು."

ಒಡತಿ ಕಣ್ಣು ಸಣ್ಣ ಮಾಡಿದಳು. "ಅದೇ ದನಿ."

"ದನಿ ನಂದೇ. ಇನ್ಸ್‌ಪೆಕ್ಷನ್ ಸುಳ್ಳು. ಅಂದ್ರೆ, ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ಫೋನ್ ಹಿಡಿದ್ರೆ ಬಾಯಿಗೆ ಅದೇ ಬರುತ್ತೆ. ನನಗೆ ಕಂಬಿ ಗಟ್ಟಿ ಇದೆಯಾ ಅಂತ ತಿಳ್ಕೊಳ್ಬೇಕಿತ್ತು ಅಷ್ಟೆ. ನನಗೆ ಭಯ. ಎಲ್ಲಕ್ಕೂ ಭಯ."

"ನನ್ನ ಎರಡು ದಿನದ ನಿದ್ದೆ ಹಾಳ್ಮಾಡಿದ್ದು ನೀನು ರಜೆಗೆ ಬರೋಕಾ?"

"ಹ್ಞೂಂ."

"ಎರಡು ರೂಮ್ ಹೇಳಿದ್ನಲ್ಲ, ಬಾಗಿಲಿಗೆ ಚಿಲಕ ಇದೆಯಾ ಅಂತ ನಾಚಿಕೊಂಡು ಕೇಳಿದ್ನಲ್ಲ, ಅವನು ಎಲ್ಲಿ?"

ಅಷ್ಟೇ ಸಾಕಾಯಿತು. ಬಣ್ಣ ಇನ್ನೂ ಹಸಿಯಾಗಿದ್ದ ಬೆಂಚಿನ ತುದಿಗೆ ಕೂತು ಅವಳು ಅತ್ತುಬಿಟ್ಟಳು. ಒಡತಿ ಕುಂಚವನ್ನು ಡಬ್ಬಿಯೊಳಗಿಟ್ಟಳು.

"ಬಟ್ಟೆಗೆ ಬಣ್ಣ ಆಯ್ತು," ಎಂದಳು. "ಆಗ್ಲಿ ಬಿಡು. ಫೋನ್ ಮಾಡು ಅವನಿಗೆ."

"ಬೆಳಿಗ್ಗೆಯಿಂದ ತೆಗೀತಿಲ್ಲ. ಇಲ್ಲಿ ಸಿಗ್ನಲ್ಲೂ ಇಲ್ಲ."

"ಮನೆ ಹತ್ರ ಬರಲ್ಲ, ನಮ್ಮ ಲ್ಯಾಂಡ್‌ಲೈನೂ ನಿನ್ನೆ ರಾತ್ರಿಯಿಂದ ಸತ್ತಿದೆ. ಮೆಟ್ಟಿಲ ತಲೆ ಹತ್ರ ಹೋಗ್ಬೇಕು. ಅಲ್ಲಿ, ಆ ತುದೀಲಿ."

ಆ ತುದಿಯಾಚೆ ನೆಲವಿರಲಿಲ್ಲ. ಅವಳು ಹುಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಮೊದಲು ಸದ್ದು ಬಂತು, ಆಮೇಲೆ ಉಪ್ಪಿನ ಗಾಳಿ, ಆಮೇಲೆ ಒಮ್ಮೆಲೇ ಎಲ್ಲವೂ. ಎಡಕ್ಕೂ ಬಲಕ್ಕೂ ಬಂಡೆಗೋಡೆಗಳು ಒಂದರ ಹಿಂದೊಂದು ನಿಂತಿದ್ದವು, ದೂರ ಹೋದಂತೆ ಬೂದು, ಇನ್ನೂ ದೂರಕ್ಕೆ ನೀಲಿ. ತೀರಾ ಕೆಳಗೆ ಕಡಲು ಈಗಷ್ಟೇ ಬಿಟ್ಟುಹೋದ ಮರಳು ಒದ್ದೆಯಾಗಿ ಹೊಳೆಯುತ್ತಿತ್ತು. ಯಾರ ಹೆಜ್ಜೆಯೂ ಇರಲಿಲ್ಲ.  ಕಂಬಿ ಹಿಡಿದಳು, ಅದು ಅಲುಗಿತು. ಇನ್ನೊಂದು ಕೈಯಲ್ಲಿ ಕರೆ ಮಾಡಿದಳು.

ಗಂಟೆ ಬಾರಿಸಿತು. ಬಾರಿಸಿತು. ಇನ್ನೇನು ನಿಲ್ಲಬೇಕು.

"ಹಲೋ."

ಹಿಂದೆ ಲಾರಿಗಳ ಸದ್ದು.

"ನಾನು," ಎಂದಳು.

"ಗೊತ್ತು."

"ಎಲ್ಲಿದ್ದೀಯಾ?"

"ಹೈವೇಲಿ. ಡೀಸೆಲ್ ಹಾಕಿಸ್ತಿದ್ದೀನಿ. ಏನು ಹೇಳಿ."

"ನಾನು ಕಡಲ ಹತ್ರ ಇದ್ದೀನಿ."



"ಯಾವ ಕಡಲು?"

"ನಿನ್ನ ಕಡಲು. ರೂಮ್ ವಾಪಸ್ ಕೇಳೋಕೆ ಬಂದೆ. ಆ ಹೆಂಗಸಿಗೆ ಎಲ್ಲ ಹೇಳ್ದೆ. ಫೋನ್ ಹಿಡಿದ ಕೂಡ್ಲೇ ವಿಮಾ ಕಚೇರಿ ಅಂದ್ಬಿಟ್ಟೆ, ನನಗೇ ಗೊತ್ತಾಗ್ಲಿಲ್ಲ, ನಿಜವಾಗ್ಲೂ..."

"ಹೌದಪ್ಪಾ, ನಿಜ!" ಒಡತಿ ಹಿಂದಿನಿಂದ ಕೂಗಿದಳು. "ಬೆಂಚಿನ ಬಣ್ಣಾನೂ ಕಿತ್ಕೊಂಡು ಹೋದ್ಲು!"

"ಅದು ಯಾರು?"

"ಅವರೇ. ಕೇಳು, ಲೈನ್ ಕಟ್ಟಾಗೋದ್ರೊಳಗೆ ಕೇಳು. ನನಗೆ ಬರೋಕೆ ಇಷ್ಟ ಇಲ್ದೇ ಇರ್ಲಿಲ್ಲ. ಪ್ಲಾನ್ ಮಾಡ್ತಿರೋವರೆಗೂ ದಿನಾ ನೀನು ಸಿಗ್ತಿದ್ದೆ. ದಿನಾ ಮಧ್ಯಾಹ್ನ. ಬಂದು, ನೀನು ಆ ಮಾತು ಹೇಳಿ, ಮುಗಿದು, ಆಮೇಲೆ ಒಂದಿನ ನಾನು ನಿನಗೆ ಸಾಕಾಗಿ... ಅದಕ್ಕೆ ಮುಂದಕ್ಕೆ ಹಾಕ್ತಾ ಬಂದೆ. ಕಲ್ಲು ಬಿದ್ರೆ, ನೀರು ಏರಿದ್ರೆ, ಎಲ್ಲ ಯೋಚ್ನೆ ಮಾಡಿದ್ದೆ. ನೀನು ಹೊರಟುಹೋದ್ರೆ ಅನ್ನೋದು ಒಂದನ್ನ ಯೋಚ್ನೆ ಮಾಡಿರ್ಲಿಲ್ಲ."

 ಕೆಳಗೆ ಒಂದು ಅಲೆ ಬಂದು ಮರಳು ಮುಟ್ಟಿ ಹೋಯಿತು.

"ಆ ಮಾತು ನೀನು ಹೇಳ್ಬೇಡ. ನಾನೇ ಹೇಳ್ತೀನಿ. ನಿನ್ನ ಬಿಟ್ಟಿರೋದು ನನಗೆ ಬರಲ್ಲ. ಕಲಿಯೋ ಆಸೇನೂ ಇಲ್ಲ. ಹೆದರೋದು ನಿಲ್ಲಿಸ್ತೀನಿ ಅಂದ್ರೆ ಸುಳ್ಳಾಗುತ್ತೆ, ನಿಲ್ಲಲ್ಲ ಅದು. ನಿನ್ನ ಪಕ್ಕ ಕೂತ್ಕೊಂಡು ಹೆದರ್ತೀನಿ. ಅಷ್ಟೇ ನನ್ನ ಹತ್ರ ಇರೋದು."

ಆ ಕಡೆ ಏನೂ ಕೇಳಿಸಲಿಲ್ಲ. ಲಾರಿಗಳೂ ಇಲ್ಲ. ಲೈನು ಕಟ್ಟಾಗಿದೆ, ಯಾವಾಗಲೋ ಕಟ್ಟಾಗಿದೆ, ಇಷ್ಟೂ ಮಾತು ಗಾಳಿಗೆ ಹೇಳಿದ್ದಾಯಿತು ಎಂದುಕೊಂಡಳು.

"ಈಗ ಎಲ್ಲಿ ನಿಂತಿದ್ದೀಯ?" ಎಂದ ಅವನು.

ಆ ದನಿ ಅವಳಿಗೆ ಗುರುತೇ ಸಿಗಲಿಲ್ಲ. ಬಿಗಿದುಕೊಂಡ, ಒಣಗಿದ ದನಿ.

"ಮೆಟ್ಟಿಲ ಮೇಲೆ. ತುದೀಲಿ. ಇಲ್ಲಿ ಮಾತ್ರ ಸಿಗ್ನಲ್ ಇರೋದು."

"ತುದೀಲಾ? ಕಂಬಿ ಇದೆಯಾ?"

"ಇದೆ. ಅಲ್ಲಾಡುತ್ತೆ."

"ಅಲ್ಲಾಡೋ ಕಂಬಿ ಹಿಡ್ಕೊಂಡು ಯಾರಾದ್ರೂ ಫೋನಲ್ಲಿ ಅಳ್ತಾರಾ? ಬುದ್ಧಿ ಇದೆಯಾ ನಿನಗೆ? ಕೈ ಬಿಡು. ಬೇಡ, ಬಿಡ್ಬೇಡ! ಮೊದಲು ಹಿಂದಕ್ಕೆ ಬಾ, ಆಮೇಲೆ ಬಿಡು. ಹುಲ್ಲು ಒದ್ದೆ ಇದೆಯಾ? ಚಪ್ಪಲಿ ಯಾವುದು ಹಾಕಿದ್ದೀಯ?"

ಅವಳು ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಇಷ್ಟು ಕಾಲ ಎಲ್ಲಕ್ಕೂ ನಗುತ್ತಿದ್ದವನು ಹೆದರಿದ್ದ. ಎಷ್ಟೋ ಮೈಲಿ ಆಚೆ, ಡೀಸೆಲ್ ಬಂಕಿನಲ್ಲಿ ನಿಂತು, ಅವಳ ಚಪ್ಪಲಿಗಾಗಿ ನಡುಗುತ್ತಿದ್ದ. ಅವಳಿಗೆ ಹುಟ್ಟಿನಿಂದ ಗೊತ್ತಿದ್ದ ಭಾಷೆ ಅದು. ಅದರಲ್ಲಿ ಯಾರಾದರೂ ತನ್ನ ಜೊತೆ ಮಾತಾಡುತ್ತಾರೆಂದು ಅವಳು ಎಣಿಸಿರಲಿಲ್ಲ.

"ಹಿಂದಕ್ಕೆ ಬಂದೆ," ಎಂದಳು.

"ಕೂತ್ಕೋ. ಕೆಳಗಿಳಿಬೇಡ. ನಾನು ಬರೋವರೆಗೂ ಒಂದು ಮೆಟ್ಟಿಲೂ ಇಳಿಬೇಡ."

"ನಿಮ್ಮಣ್ಣ?"

"ಅಣ್ಣ ಬೈತಾನೆ. ಚಿಕ್ಕಂದಿನಿಂದ ಬೈದಿದ್ದಾನೆ, ಅದೇನು ಹೊಸದಾ?" ದನಿ ಸ್ವಲ್ಪ ಸಡಿಲವಾಯಿತು. "ಅರ್ಧ ದಾರಿ ಬಂದ್ಬಿಟ್ಟಿದ್ದೀನಿ ಕಣೇ. ಹಿಂದೆ ಗಾಡಿ ತುಂಬಾ ಗಾಜು. ಸಂಜೆ ಆಗ್ಬಹುದು."

"ಆಗ್ಲಿ."

"ಇರ್ತೀಯಾ?"

"ಇನ್ನೆಲ್ಲಿಗೆ ಹೋಗ್ಲಿ?"

*

ಒಡತಿ ಕುರ್ಚಿ ತಂದು ಹಾಕಿದಳು. ಅವಳು ಅದನ್ನು ಎತ್ತಿ ತಿರುಗಿಸಿ ಇಟ್ಟು ಕೂತಳು.

ಇಳಿತ ಮುಗಿಯಿತು. ಮರಳು ಸ್ವಲ್ಪ ಸ್ವಲ್ಪವಾಗಿ ನೀರಿನೊಳಗೆ ಹೋಯಿತು, ಬಂಡೆಗಳ ಕಾಲಿಗೆ ಅಲೆ ಬಡಿಯತೊಡಗಿತು, ಬಿಸಿಲು ಹಳದಿಯಾಯಿತು. ಅವಳು ಅದ್ಯಾವುದನ್ನೂ ನೋಡಲಿಲ್ಲ. ಮನಸ್ಸು ಬದಲಾಯಿಸಿದನೇನೋ ಎಂದು ಒಮ್ಮೆ ಎದ್ದಳು, ಗಾಡಿ ಮಗುಚಿತೇನೋ ಎಂದು ಒಮ್ಮೆ ಎದ್ದಳು, ಅಣ್ಣ ಹಿಡಿದು ನಿಲ್ಲಿಸಿದನೇನೋ ಎಂದು ಇನ್ನೊಮ್ಮೆ.

"ಕಡಲು ಆ ಕಡೆ ಇದೆ ಕಣಮ್ಮಾ," ಎಂದಳು ಒಡತಿ, ಚಹಾ ಕೊಡುತ್ತ. "ನೀನು ಬೆಳಿಗ್ಗೆಯಿಂದ ರಸ್ತೆ ನೋಡ್ತಾ ಕೂತಿದ್ದೀಯ."

"ಗೊತ್ತು," ಎಂದಳು ಅವಳು, ಕಣ್ಣು ತೆಗೆಯದೆ.

ದೂರದ ತಿರುವಿನಲ್ಲಿ ಏನೋ ಫಳ್ಳೆಂದು ಹೊಳೆಯಿತು. ಮತ್ತೆ ಹೊಳೆಯಿತು. ಟೆಂಪೋದ ಎರಡು ಪಕ್ಕಕ್ಕೂ ಕಟ್ಟಿ ನಿಲ್ಲಿಸಿದ ಗಾಜು ಮುಳುಗುವ ಬಿಸಿಲನ್ನು ಹಿಡಿದು ಹಿಡಿದು ಎಸೆಯುತ್ತಿತ್ತು. ಅದು ಬರುತ್ತಿತ್ತು, ಆದರೆ ಏನು ಬರುವುದು ಅದು! ಪ್ರತಿ ಗುಂಡಿಯ ಮುಂದೆಯೂ ನಿಂತು, ಚಕ್ರವನ್ನು ಮೆತ್ತಗೆ ಇಳಿಸಿ, ಮೆತ್ತಗೆ ಹತ್ತಿಸಿ, ನಿದ್ದೆಹೋದ ಮಗುವನ್ನು ಎತ್ತಿಕೊಂಡು ಬರುವವರ ಹಾಗೆ ಇಂಚಿಂಚಾಗಿ ಬರುತ್ತಿತ್ತು.

ಹುಟ್ಟಿದಾಗಿನಿಂದ ಕಂಡಕಂಡ ಗಾಡಿಯವರಿಗೆಲ್ಲ ನಿಧಾನ, ನಿಧಾನ ಎಂದು ಹೇಳುತ್ತ ಬಂದವಳು ಕುರ್ಚಿಯಿಂದ ಎದ್ದಳು. ಚಹಾ ಚೆಲ್ಲಿತು. ರಸ್ತೆಯ ನಟ್ಟನಡುವೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು:

"ಬೇಗ ಬಾರೋ! ಒಡೆದ್ರೆ ಒಡೀಲಿ!"